ಕೇಳುವಾಗ ಮನುಷ್ಯ, ಕೊಡುವಾಗ ಬರೀ ಕಾಗದ

ಗೆಳೆಯರೇ, ಮೊದಲು ಒಂದು ಬಾಕಿ ಬಿಲ್ಲಿನ ಕತೆ ಕೇಳಿ. ಕೆಲವು ವರ್ಷಗಳ ಹಿಂದೆ ನಮ್ಮ ಪ್ರೆಸ್ಸಿಗೆ ಟೈ ಕಟ್ಟಿದ ಇಬ್ಬರು ಬಂದರು. ಹೊಸ ಪ್ರೈವೇಟ್ ಲಿಮಿಟೆಡ್ ಕಂಪನಿ. ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡು, ಬಿಲ್ ಬುಕ್ಕು, ಆರ್ಟ್ ಪೇಪರಿನಲ್ಲಿ ಹನ್ನೆರಡು ಪುಟದ ಬಣ್ಣದ ಬ್ರೋಷರು, ಮೇಲೆ ಐನೂರು ಕ್ಯಾಲೆಂಡರು. ಒಟ್ಟು 38,400 ರೂಪಾಯಿ. ಅಡ್ವಾನ್ಸ್ 5,000 ಕೊಟ್ಟರು, ಮಾಲು ಒಯ್ದರು. ಉಳಿದದ್ದಕ್ಕೆ ಹುಡುಗನನ್ನು ಕಳಿಸಿದರೆ ಇವತ್ತು ನಾಳೆ, ಇವತ್ತು ನಾಳೆ. ನಾಲ್ಕನೇ ತಿಂಗಳು ಬಾಗಿಲಿಗೆ ಬೀಗ. ಐದನೇ ತಿಂಗಳು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅದೇ ಇಬ್ಬರು, ಅದೇ ಮೇಜು ಕುರ್ಚಿ, ಬೋರ್ಡು ಮಾತ್ರ ಬೇರೆ. ನಾನೇ ಮೆಟ್ಟಿಲು ಹತ್ತಿ ಹೋಗಿ ಕೇಳಿದೆ. ಒಬ್ಬ ತಲೆ ಎತ್ತದೆ ಹೇಳಿದ: "ನಿಮ್ಮ ಬಾಕಿ ಆ ಕಂಪನಿಯದು ಸಾರ್. ಇದು ಬೇರೆ ಕಂಪನಿ."

ವಕೀಲರ ಹತ್ತಿರ ಹೋದೆ. ಅವರು ನಕ್ಕರು. "ಕಂಪನಿ ಅಂದರೆ ಕಾನೂನಿನ ಕಣ್ಣಿಗೆ ಒಬ್ಬ ಬೇರೆಯೇ ಮನುಷ್ಯ ಕಣಪ್ಪ. ನಿನ್ನ ದುಡ್ಡು ಉಳಿಸಿಕೊಂಡವನು ಅವನು, ಇವರಿಬ್ಬರಲ್ಲ" ಎಂದರು. ಆ ಮನುಷ್ಯ ಎಲ್ಲಿದ್ದಾನೆ ಸ್ವಾಮಿ ಎಂದು ಕೇಳಿದೆ. "ಫೈಲಿನಲ್ಲಿ" ಎಂದರು.

ಇದು ಇವತ್ತು ನಿನ್ನೆಯ ನ್ಯಾಯವಲ್ಲ. ಲಂಡನ್ನಿನ ಸಾಲೊಮನ್ ಎಂಬ ಬೂಟು ತಯಾರಕನ ಕೇಸಿನಲ್ಲಿ 1896ರಲ್ಲೇ ತೀರ್ಮಾನವಾದದ್ದು: ಕಂಪನಿ ಬೇರೆ, ಅದರ ಒಡೆಯ ಬೇರೆ. ನನ್ನ ಪ್ರೆಸ್ಸು ಕಂಪನಿಯಲ್ಲ. ಕಾಗದದ ಅಂಗಡಿಯವರಿಗೆ ನಾನು ಬಾಕಿ ಉಳಿಸಿಕೊಂಡರೆ ಅವರು ಸೀದಾ ನಮ್ಮ ಮನೆಗೆ ಬಂದು ಕೂರುತ್ತಾರೆ. ಹಾಗಂತ ಕಂಪನಿ ಎನ್ನುವುದೇ ಮೋಸ ಎಂದು ನಾನು ಹೇಳುವುದಿಲ್ಲ. ನೂರಾರು ಜನ ದುಡ್ಡು ಸೇರಿಸಿ ದೊಡ್ಡ ಕೆಲಸಕ್ಕೆ ಕೈ ಹಾಕಬೇಕಾದರೆ ಇಂಥದೊಂದು ಏರ್ಪಾಡು ಬೇಕು. ನಿಮ್ಮಲ್ಲಿ ಅರ್ಧ ಜನ ಕಂಪನಿಗಳಲ್ಲೇ ದುಡಿಯುತ್ತಿದ್ದೀರಿ. ನನ್ನ ತಕರಾರು ಬೇರೆ. ನನ್ನ 33,400 ರೂಪಾಯಿ ನುಂಗಿದ ಆ ಕಾಗದದ ಮನುಷ್ಯ ದೇಶದ ಗಡಿ ದಾಟಿದ ಮೇಲೆ ಏನಾಗುತ್ತಾನೆ ಎಂಬುದು ನಿಮಗೆ ಗೊತ್ತಿರಬೇಕು. ಏಕೆಂದರೆ ಅಲ್ಲಿ ಅವನು ನುಂಗುವುದು ಪ್ರೆಸ್ಸಿನ ಬಿಲ್ಲನ್ನಲ್ಲ.

ಅಂತರರಾಷ್ಟ್ರೀಯ ಕಾನೂನು ಎಂಬುದು ದೇಶ ದೇಶಗಳ ನಡುವಿನ ಮಾತುಕತೆ. ಅಲ್ಲಿ ಕೂರಲು ಕುರ್ಚಿ ಇರುವುದು ಸರ್ಕಾರಗಳಿಗೆ. ನಿಮಗಿಲ್ಲ, ನನಗಿಲ್ಲ, ಪುಸ್ತಕದ ಪ್ರಕಾರ ಕಂಪನಿಗೂ ಇಲ್ಲ. ಆದರೆ ಕಂಪನಿ ಎಂದರೆ ಏನೆಂದು ಕನ್ನಡ ನಾಡಿಗೆ ಪುಸ್ತಕ ಓದಿ ಗೊತ್ತಾಗಬೇಕಿಲ್ಲ. 1784ರಲ್ಲಿ ಮಂಗಳೂರಿನಲ್ಲಿ ಟಿಪ್ಪು ಸುಲ್ತಾನ ಒಪ್ಪಂದ ಮಾಡಿಕೊಂಡದ್ದು ಇಂಗ್ಲೆಂಡಿನ ರಾಜನ ಜೊತೆಗಲ್ಲ, ಈಸ್ಟ್ ಇಂಡಿಯಾ ಕಂಪನಿ ಎಂಬ ವ್ಯಾಪಾರಿ ಸಂಸ್ಥೆಯ ಜೊತೆಗೆ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ದಂಡ, ಜೊತೆಗೆ ಇಬ್ಬರು ಮಕ್ಕಳನ್ನು ಒತ್ತೆಗೆ ಬರೆಸಿಕೊಂಡದ್ದೂ ಅದೇ ಕಂಪನಿ, ನಿಜಾಮ ಮತ್ತು ಮರಾಠರ ಜೊತೆ ಸೇರಿ. ಷೇರುದಾರರಿಗೆ ಡಿವಿಡೆಂಡ್ ಹಂಚುವ ಒಂದು ಸಂಸ್ಥೆ ಸೈನ್ಯ ಇಟ್ಟುಕೊಂಡಿತ್ತು, ನಾಣ್ಯ ಟಂಕಿಸುತ್ತಿತ್ತು, ಒಪ್ಪಂದಕ್ಕೆ ಸಹಿ ಹಾಕುತ್ತಿತ್ತು. ನಮ್ಮ ಹಿರಿಯರು ಅದಕ್ಕೆ "ಕಂಪನಿ ಸರ್ಕಾರ" ಎಂದು ಸರಿಯಾಗಿಯೇ ಹೆಸರಿಟ್ಟರು. 1858ರಲ್ಲಿ ಆ ಆಟ ಮುಗಿಯಿತು. ಕಂಪನಿಗಳು ಮತ್ತೆ ವ್ಯಾಪಾರಕ್ಕೆ ಮರಳಿದವು, ಕನಿಷ್ಠ ಕಾಗದದ ಮೇಲೆ.

ಆಮೇಲೆ ಬಂದ ವ್ಯವಸ್ಥೆ ಎಂಥದು ಎನ್ನುವುದಕ್ಕೆ ಬಾರ್ಸಿಲೋನಾ ಟ್ರ್ಯಾಕ್ಷನ್ ಕೇಸು ನೋಡಬೇಕು. ಕಂಪನಿ ಹುಟ್ಟಿದ್ದು 1911ರಲ್ಲಿ ಕೆನಡಾದ ಟೊರಾಂಟೋದಲ್ಲಿ. ಕರೆಂಟು ಮಾರುತ್ತಿದ್ದದ್ದು ಸ್ಪೇನಿನಲ್ಲಿ. ಷೇರುಗಳ ಬಹುಪಾಲು ಬೆಲ್ಜಿಯಂನವರ ಕೈಯಲ್ಲಿ. 1948ರಲ್ಲಿ ಸ್ಪೇನಿನ ಕೋರ್ಟೊಂದು ಅದನ್ನು ದಿವಾಳಿ ಎಂದು ಘೋಷಿಸಿತು. ತನ್ನ ಜನರ ದುಡ್ಡು ಹೋಯಿತೆಂದು ಬೆಲ್ಜಿಯಂ ಸರ್ಕಾರ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1970ರ ಫೆಬ್ರವರಿ 5ರಂದು ನ್ಯಾಯಾಲಯ 15ಕ್ಕೆ 1 ಮತದಿಂದ ಹೇಳಿದ್ದಿಷ್ಟು: ಪೆಟ್ಟು ಬಿದ್ದದ್ದು ಕಂಪನಿಗೆ, ಷೇರುದಾರರಿಗಲ್ಲ. ಕಂಪನಿ ಕೆನಡಾದ್ದು. ಕೇಳುವುದಾದರೆ ಕೆನಡಾ ಕೇಳಬೇಕು, ಬೆಲ್ಜಿಯಂಗೆ ಇಲ್ಲಿ ಬಾಯಿಲ್ಲ.

ನಮ್ಮ ವಕೀಲರು ನನಗೆ ಹೇಳಿದ್ದೂ ಇದನ್ನೇ ಅಲ್ಲವೇ? ಕಂಪನಿ ಬೇರೆ, ಒಡೆಯ ಬೇರೆ. ನ್ಯಾಯ ಎಂದರೆ ಇಷ್ಟೇ ಸಾಕು, ಎರಡೂ ಕಡೆ ಒಂದೇ ಅಳತೆಗೋಲು. ಆದರೆ ದುಡ್ಡಿದ್ದವರಿಗೆ ಈ ಅಳತೆಗೋಲು ಹಿಡಿಸಲಿಲ್ಲ. ಕೋರ್ಟಿನಲ್ಲಿ ಸಿಗದದ್ದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವ ದಾರಿ ಅವರಿಗೆ ಆಗಲೇ ಗೊತ್ತಿತ್ತು. ಜರ್ಮನಿ ಮತ್ತು ಪಾಕಿಸ್ತಾನ 1959ರಲ್ಲೇ ಮೊದಲ ದ್ವಿಪಕ್ಷೀಯ ಹೂಡಿಕೆ ಒಪ್ಪಂದಕ್ಕೆ ಸಹಿ ಹಾಕಿದ್ದವು. ಇಂಥ ಒಪ್ಪಂದಗಳು ಬೆಳೆಯುತ್ತಾ ಹೋದಂತೆ ಅವುಗಳೊಳಗೆ ಎರಡು ಸಾಲು ಸೇರಿಕೊಂಡವು. ಒಂದು, ಷೇರುದಾರನೂ ಹೂಡಿಕೆದಾರನೇ, ಅವನೂ ಕೇಳಬಹುದು. ಎರಡು, ಅವನು ತನ್ನ ಸರ್ಕಾರದ ಮೂಲಕ ಬರಬೇಕಿಲ್ಲ, ನೇರವಾಗಿ ಆ ದೇಶವನ್ನೇ ಖಾಸಗಿ ಪಂಚಾಯ್ತಿಗೆ ಎಳೆಯಬಹುದು. ಪಂಚರು ಮೂವರು. ಒಬ್ಬನನ್ನು ಕಂಪನಿ ಆರಿಸುತ್ತದೆ, ಒಬ್ಬನನ್ನು ಸರ್ಕಾರ, ಮೂರನೆಯವನನ್ನು ಸಾಮಾನ್ಯವಾಗಿ ಇಬ್ಬರೂ ಒಪ್ಪಿ. ಅವರ ತೀರ್ಪಿಗೆ ನಾವು ನೀವು ತಿಳಿದ ರೀತಿಯ ಮೇಲ್ಮನವಿ ಇಲ್ಲ.

ಭಾರತ ಇಂಥ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1994ರ ಮಾರ್ಚಿನಲ್ಲಿ, ಬ್ರಿಟನ್ ಜೊತೆ. ಆ ದಿನಗಳಲ್ಲಿ ನಮ್ಮ ರೈತ ಸಂಘದವರು ಹಸಿರು ಶಾಲು ಹೊದ್ದು ಡಂಕೆಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿದಿದ್ದರು. ನಾನಾಗ ನಿಕ್ಕರು ಹಾಕಿಕೊಂಡು ಅಪ್ಪನ ಟ್ರೆಡಲ್ ಮಿಶನ್ನಿನ ಪಕ್ಕ ನಿಂತು ಕರಪತ್ರ ಎಣಿಸುತ್ತಿದ್ದ ಹುಡುಗ. ಡಂಕೆಲ್ ಹೆಸರು ಹಳ್ಳಿ ಹಳ್ಳಿಯ ಬಾಯಲ್ಲಿತ್ತು. ಈ ಹೂಡಿಕೆ ಒಪ್ಪಂದದ ಹೆಸರನ್ನು ಮಾತ್ರ ನಮ್ಮ ಕಡೆ ಒಬ್ಬರೂ ಎತ್ತಿದ್ದು ನೆನಪಿಲ್ಲ. ಮುಂದೆ ಎಪ್ಪತ್ತಕ್ಕೂ ಹೆಚ್ಚು ದೇಶಗಳ ಜೊತೆ ಅಂಥದೇ ಒಪ್ಪಂದಗಳಾದವು. ಸಂಸತ್ತಿನಲ್ಲಿ ಮತಕ್ಕೆ ಹಾಕಬೇಕಾದ ನಿಯಮವೇ ನಮ್ಮಲ್ಲಿಲ್ಲ. ದಿಲ್ಲಿಯ ಕಾರ್ಯಾಂಗ ಸಹಿ ಹಾಕಿದರೆ ಮುಗಿಯಿತು. ರಾಜ್ಯಗಳನ್ನು ಕೇಳುವ ಮಾತು ದೂರವೇ ಉಳಿಯಿತು.

ಇದರ ಬಿಸಿ ತಟ್ಟಿದ್ದು 2011ರಲ್ಲಿ. ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯದ ಕಂಪನಿ 1989ರಲ್ಲಿ ಕೋಲ್ ಇಂಡಿಯಾ ಜೊತೆ ಪಿಪರ್‌ವಾರ್ ಕಲ್ಲಿದ್ದಲು ಗಣಿಯ ಕರಾರು ಮಾಡಿಕೊಂಡಿತ್ತು. ಜಗಳವಾಯಿತು. 2002ರಲ್ಲಿ ಮಧ್ಯಸ್ಥಗಾರರು ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡಿ ಎಂದರು. ಕೋಲ್ ಇಂಡಿಯಾ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಕೇಸು ನಮ್ಮ ಕೇಸುಗಳೆಲ್ಲ ನಡೆಯುವ ಹಾಗೇ ನಡೆಯಿತು, ಅಂದರೆ ನಡೆಯಲಿಲ್ಲ. ಎಂಟು ವರ್ಷ ಕಾದು ಆ ಕಂಪನಿ ಭಾರತ ಸರ್ಕಾರವನ್ನೇ ಅಂತರರಾಷ್ಟ್ರೀಯ ಪಂಚಾಯ್ತಿಗೆ ಎಳೆಯಿತು. ಆರೋಪ ಏನು? ನಿಮ್ಮ ಕೋರ್ಟು ತಡ ಮಾಡಿತು ಎಂದು! ಆಸ್ಟ್ರೇಲಿಯದ ಒಪ್ಪಂದದಲ್ಲಿ ಕೋರ್ಟಿನ ತಡದ ಬಗ್ಗೆ ಬೇಕಾದ ಕಲಮು ಇರಲಿಲ್ಲ. ಕುವೈತಿನ ಜೊತೆಗಿನ ಒಪ್ಪಂದದಲ್ಲಿ ಇತ್ತು. ಬೇರೆಯವರಿಗೆ ಕೊಟ್ಟ ಸವಲತ್ತು ನಮಗೂ ಕೊಡಿ ಎಂಬ ಇನ್ನೊಂದು ಕಲಮು ಹಿಡಿದು ಕುವೈತಿನ ಸಾಲನ್ನು ಎರವಲು ತಂದರು, ಗೆದ್ದರು. 2011ರ ನವೆಂಬರ್ 30ರಂದು ಭಾರತ ಸೋತಿತು.

ನಮ್ಮವ್ವನ ತವರಿನ ಒಂದು ಎಕರೆ ಎಂಟು ಗುಂಟೆ ಜಮೀನಿನ ದಾವೆ ಹೂಡಿದ್ದು 1996ರಲ್ಲಿ. ತೀರ್ಪು ಬಂದದ್ದು 2019ರಲ್ಲಿ. ಅಷ್ಟರಲ್ಲಿ ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ತಡವಾಯಿತು ಎಂದು ನಾವು ಯಾವ ಪಂಚಾಯ್ತಿಗೆ ಹೋಗಬೇಕಿತ್ತು? ಯಾವ ಕುವೈತಿನಿಂದ ಸಾಲು ಎರವಲು ತರಬೇಕಿತ್ತು? ಅದೇ ಕೋರ್ಟು, ಅದೇ ತಡ. ಕಂಪನಿಗೆ ಅದು ಹಕ್ಕಿನ ಉಲ್ಲಂಘನೆ, ನಮಗೆ ಅದು ಹಣೆಬರಹ.

ಇನ್ನು ನಮ್ಮ ಬೆಂಗಳೂರಿನದೇ ಕತೆ. ಇಸ್ರೋದ ವ್ಯಾಪಾರಿ ಅಂಗ ಆಂಟ್ರಿಕ್ಸ್ ಬೆಂಗಳೂರಿನದು. ದೇವಾಸ್ ಮಲ್ಟಿಮೀಡಿಯಾ ಎಂಬ ಕಂಪನಿಯೂ ಬೆಂಗಳೂರಿನದು. 2005ರ ಜನವರಿ 28ರಂದು ಇವೆರಡರ ನಡುವೆ ಎರಡು ಉಪಗ್ರಹಗಳ ಎಸ್-ಬ್ಯಾಂಡ್ ತರಂಗಗಳನ್ನು ಗುತ್ತಿಗೆ ಕೊಡುವ ಕರಾರಾಯಿತು. 2011ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ದೇಶದ ಭದ್ರತೆಯ ಕಾರಣ ಹೇಳಿ ಅದನ್ನು ರದ್ದು ಮಾಡಿತು. ಸರಿಯೋ ತಪ್ಪೋ, ಬೆಂಗಳೂರಿನ ಎರಡು ಸಂಸ್ಥೆಗಳ ಜಗಳ ಬೆಂಗಳೂರಿನಲ್ಲಿ ತೀರಬೇಕಿತ್ತು ತಾನೇ? ಆದದ್ದೇ ಬೇರೆ. ಕಂಪನಿಯ ಹೆಸರಿನಲ್ಲಿ ಒಂದು ಕೇಸು, ಮಾರಿಷಸ್‌ನ ಷೇರುದಾರ ಕಂಪನಿಗಳ ಹೆಸರಿನಲ್ಲಿ ಇನ್ನೊಂದು, ಜರ್ಮನಿಯ ಡಾಯ್ಚ ಟೆಲಿಕಾಂ ಎಂಬ ಷೇರುದಾರನ ಹೆಸರಿನಲ್ಲಿ ಮತ್ತೊಂದು. ಒಂದೇ ಕರಾರು, ಮೂರು ಪಂಚಾಯ್ತಿ. ಮೊದಲನೆಯದರಲ್ಲಿ 2015ರಲ್ಲಿ 56.25 ಕೋಟಿ ಡಾಲರ್, ಎರಡನೆಯದರಲ್ಲಿ 2020ರಲ್ಲಿ ಸುಮಾರು 11 ಕೋಟಿ, ಮೂರನೆಯದರಲ್ಲಿ ಅದೇ ವರ್ಷ 9 ಕೋಟಿಗೂ ಹೆಚ್ಚು. ಬಡ್ಡಿ ಬೇರೆ.

ಮಾರಿಷಸ್ ಎಲ್ಲಿಂದ ಬಂತು ಎನ್ನುತ್ತೀರಾ? ಅಲ್ಲೇ ಇರುವುದು ಕುಶಲ. ಆ ಕಂಪನಿಗಳ ಹಿಂದೆ ಇದ್ದದ್ದು ಅಮೆರಿಕದ ಬಂಡವಾಳ. ಭಾರತಕ್ಕೂ ಅಮೆರಿಕಕ್ಕೂ ಇಂಥ ಒಪ್ಪಂದ ಇರಲೇ ಇಲ್ಲ. ಮಾರಿಷಸ್ ಜೊತೆ 1998ರಿಂದ ಇತ್ತು. ಹಾಗಾಗಿ ದುಡ್ಡು ಮಾರಿಷಸ್ ಅಂಗಿ ತೊಟ್ಟುಕೊಂಡು ಬಂತು. ನಿಮಗೆ ಪಾಸ್‌ಪೋರ್ಟ್ ಬೇಕಾದರೆ ಪೊಲೀಸಿನವರು ಮನೆಗೆ ಬಂದು ನೆರೆಹೊರೆಯವರನ್ನು ಕೇಳುತ್ತಾರೆ. ಕಂಪನಿಗೆ ಬೇಕಾದ ದೇಶದ ಪೌರತ್ವ ಸಿಗಲು ಒಂದು ರಿಜಿಸ್ಟ್ರೇಶನ್ ಸಾಕು. ಸಿಗರೇಟಿನ ಫಿಲಿಪ್ ಮಾರಿಸ್ ಕೂಡ ಇದನ್ನೇ ಮಾಡಿತ್ತು. ಆಸ್ಟ್ರೇಲಿಯ ಸರ್ಕಾರ ಪ್ಯಾಕೆಟ್ಟಿನ ಮೇಲೆ ಬ್ರಾಂಡಿನ ಬಣ್ಣ, ಚಿತ್ರ ಏನೂ ಅಚ್ಚಾಗಬಾರದು ಎಂದು ಕಾನೂನು ಮಾಡಲು ಹೊರಟಾಗ, 2011ರಲ್ಲಿ ತನ್ನ ಆಸ್ಟ್ರೇಲಿಯ ಶಾಖೆಯ ಷೇರುಗಳನ್ನು ಹಾಂಗ್‌ಕಾಂಗ್ ಕಂಪನಿಯ ಹೆಸರಿಗೆ ಮಾಡಿ, ಹಾಂಗ್‌ಕಾಂಗ್ ಒಪ್ಪಂದದ ಅಡಿ ಕೇಸು ಹಾಕಿತು. 2015ರಲ್ಲಿ ಪಂಚರು ಇದು ಹಕ್ಕಿನ ದುರುಪಯೋಗ ಎಂದು ಹೊರಗಟ್ಟಿದರು, ಪುಣ್ಯ. ಪುಟ್ಟ ದೇಶ ಉರುಗ್ವೆ ಪ್ಯಾಕೆಟ್ಟಿನ ಶೇಕಡಾ 80 ಭಾಗ ಎಚ್ಚರಿಕೆಯೇ ಇರಬೇಕು ಎಂದದ್ದಕ್ಕೂ ಅದೇ ಫಿಲಿಪ್ ಮಾರಿಸ್ 2010ರಲ್ಲಿ ಕೇಸು ಹಾಕಿ 2016ರಲ್ಲಿ ಸೋತಿತು. ಉರುಗ್ವೆಯ ಖರ್ಚು ಒಂದು ಕೋಟಿ ಡಾಲರ್ ದಾಟಿತ್ತು, ಕಂಪನಿ ಕೊಡಬೇಕಾಗಿ ಬಂದದ್ದು 70 ಲಕ್ಷ. ಉಳಿದದ್ದು ಗೆದ್ದವರ ನಷ್ಟ. ಪ್ಯಾಕೆಟ್ಟಿನ ಮೇಲೆ ಏನು ಅಚ್ಚಾಗಬೇಕು ಎಂಬುದೇ ದೇಶ ಮತ್ತು ಕಂಪನಿಯ ಯುದ್ಧವಾಗುವುದನ್ನು ಅಚ್ಚಿನ ಮನೆಯಲ್ಲೇ ಬೆಳೆದ ನಾನೂ ಊಹಿಸಿರಲಿಲ್ಲ.

ದೇವಾಸ್ ವಿಷಯಕ್ಕೆ ಮರಳೋಣ. ಬೆಂಗಳೂರಿನ ಕಂಪನಿ ನ್ಯಾಯಮಂಡಳಿ 2021ರ ಮೇ ತಿಂಗಳಲ್ಲಿ ಆ ಕಂಪನಿಯನ್ನು ಮುಚ್ಚಲು ಆದೇಶಿಸಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಇಡೀ ವ್ಯವಹಾರದಲ್ಲಿ ವಂಚನೆ ಇದೆ ಎಂದಿತು. ದಿಲ್ಲಿ ಹೈಕೋರ್ಟು ಅದೇ ವರ್ಷ 56.25 ಕೋಟಿ ಡಾಲರಿನ ತೀರ್ಪನ್ನು ರದ್ದು ಮಾಡಿತು. ಮುಗಿಯಿತೇ? ಇಲ್ಲ. ನಮ್ಮ ದೇಶದಲ್ಲಿ ಸತ್ತ ಕಂಪನಿಯ ಷೇರುದಾರರು ಹೊರಗೆ ಜೀವಂತ. ಪ್ಯಾರಿಸ್ಸಿನಲ್ಲಿ ಭಾರತ ಸರ್ಕಾರದ ಆಸ್ತಿಗೆ ಜಪ್ತಿ ಆದೇಶ ತಂದರು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು, ಆಂಟ್ರಿಕ್ಸ್‌ಗೆ ಅಮೆರಿಕದ ಜೊತೆ ಸಾಕಷ್ಟು ಸಂಬಂಧ ಇಲ್ಲ ಎಂಬ ಕಾರಣಕ್ಕೆ ಕೆಳಗಿನ ಕೋರ್ಟು ಕೇಸು ತಳ್ಳಿಹಾಕಿದ್ದು ಸರಿಯಲ್ಲ ಎಂದು ಒಮ್ಮತದಿಂದ ಹೇಳಿ, ಕೇಸನ್ನು ವಾಪಸು ಕಳಿಸಿತು.

ಇದರಲ್ಲಿ ಸರ್ಕಾರ ಸಾಚಾ, ಕಂಪನಿ ಕಳ್ಳ ಎಂದು ತೀರ್ಪು ಕೊಡಲು ನಾನು ಕೂತಿಲ್ಲ. 2012ರಲ್ಲಿ ಹಿಂದಿನ ವರ್ಷಗಳಿಗೆ ಅನ್ವಯಿಸುವ ತೆರಿಗೆ ಕಾನೂನು ಮಾಡಿ, ವೊಡಾಫೋನ್ ಮತ್ತು ಕೇರ್ನ್ ಕೈಯಲ್ಲಿ 2020ರಲ್ಲಿ ಸೋತು, 2021ರಲ್ಲಿ ಅದೇ ಕಾನೂನನ್ನು ಹಿಂತೆಗೆದುಕೊಂಡ ಸರ್ಕಾರ ನಮ್ಮದು. ಆಡಿದ ಮಾತಿಗೆ ನಿಲ್ಲದ ಸರ್ಕಾರವನ್ನು ಪ್ರಶ್ನಿಸಲು ಒಂದು ಜಾಗ ಬೇಕು, ಒಪ್ಪುತ್ತೇನೆ. ನಾನು ಕೇಳುವುದು ಒಂದೇ: ಷೇರುದಾರ ಬೇರೆ ಕಂಪನಿ ಬೇರೆ ಎಂಬ ಆ ತೆರೆ, ಲಾಭ ಕೇಳುವಾಗ ಮೇಲೇಳುವುದಾದರೆ, ಹೆಣಗಳ ಲೆಕ್ಕ ಕೇಳುವಾಗ ಏಕೆ ಕೆಳಗಿಳಿಯುತ್ತದೆ?

ಹೆಣಗಳ ಲೆಕ್ಕ ಎಂದರೆ ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಇಂಡಿಯಾ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು ಐದು ಸಾವಿರಕ್ಕೂ ಹೆಚ್ಚು. ಅಮೆರಿಕದ ಮಾತೃ ಕಂಪನಿಯ ಪಾಲು ಶೇಕಡಾ 50.9. ಭಾರತ ಸರ್ಕಾರ ನ್ಯೂಯಾರ್ಕಿನ ಕೋರ್ಟಿಗೆ ಹೋಗಿ, ಬಹುರಾಷ್ಟ್ರೀಯ ಕಂಪನಿ ಎಂದರೆ ಒಂದೇ ದೇಹ, ಕೈ ಮಾಡಿದ್ದಕ್ಕೆ ತಲೆ ಹೊಣೆ ಎಂದು ವಾದಿಸಿತು. ಕಂಪನಿ ಹೇಳಿದ್ದು ನನಗೆ ಆ ಟೈ ಕಟ್ಟಿದವನು ಹೇಳಿದ ಮಾತನ್ನೇ: ಅದು ಬೇರೆ ಕಂಪನಿ. 1986ರ ಮೇ ತಿಂಗಳಲ್ಲಿ ನ್ಯಾಯಾಧೀಶ ಕೀನನ್, ಈ ಕೇಸು ಭಾರತದಲ್ಲೇ ನಡೆಯಲಿ ಎಂದು ವಾಪಸು ಕಳಿಸಿದರು. 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. 2010ರಲ್ಲಿ ಭಾರತದ ಏಳು ಅಧಿಕಾರಿಗಳಿಗೆ ಎರಡು ವರ್ಷ ಶಿಕ್ಷೆ. ಮಾತೃ ಕಂಪನಿಯ ಮುಖ್ಯಸ್ಥ ಆಂಡರ್ಸನ್ ವಿಚಾರಣೆಗೆ ಬರದೆಯೇ 2014ರಲ್ಲಿ ತೀರಿಕೊಂಡ. ಹೆಚ್ಚಿನ ಪರಿಹಾರ ಕೇಳಿದ ಕೇಂದ್ರದ ಅರ್ಜಿಯನ್ನು ಸುಪ್ರೀಂ ಕೋರ್ಟು 2023ರ ಮಾರ್ಚಿನಲ್ಲಿ ತಳ್ಳಿಹಾಕಿತು.

47 ಕೋಟಿ ಡಾಲರ್ ಒಂದು ಊರಿನ ಉಸಿರಿಗೆ. 56.25 ಕೋಟಿ ಡಾಲರ್ ಹಾರದ ಒಂದು ವ್ಯಾಪಾರಕ್ಕೆ. 1989ರ ಡಾಲರಿಗೂ 2015ರ ಡಾಲರಿಗೂ ವ್ಯತ್ಯಾಸ ಉಂಟು, ಗೊತ್ತು. ಆದರೂ ಈ ಎರಡು ಅಂಕಿಗಳನ್ನು ಒಂದರ ಕೆಳಗೆ ಒಂದು ಜೋಡಿಸುವಾಗ ಕೈ ನಡುಗುತ್ತದೆ.

ಭೋಪಾಲದವರಿಗೆ ಮೂವರು ಪಂಚರ ಅಂತರರಾಷ್ಟ್ರೀಯ ಪಂಚಾಯ್ತಿ ಇಲ್ಲ. ನೈಜೀರಿಯಾದ ಒಗೋನಿ ಜನರಿಗೂ ಇಲ್ಲ. ತೈಲದಿಂದ ತಮ್ಮ ನೆಲ ಹಾಳಾಯಿತೆಂದು ಹೋರಾಡಿದ ಲೇಖಕ ಕೆನ್ ಸಾರೊ-ವಿವಾ ಮತ್ತು ಎಂಟು ಮಂದಿಯನ್ನು ಅಲ್ಲಿನ ಸೈನಿಕ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ಸೈನಿಕರ ದೌರ್ಜನ್ಯಕ್ಕೆ ಶೆಲ್ ಕಂಪನಿಯ ಬೆಂಬಲವಿತ್ತು ಎಂದು ಆರೋಪಿಸಿ ಒಗೋನಿಗಳು ಅಮೆರಿಕದಲ್ಲಿ ಕೇಸು ಹಾಕಿದರು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಕಂಪನಿಗೆ ಇಂಥ ಹೊಣೆಯೇ ಇಲ್ಲ ಎಂದು 2010ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಹೇಳಿತು. 2013ರಲ್ಲಿ ಸುಪ್ರೀಂ ಕೋರ್ಟು, ಪರದೇಶದಲ್ಲಿ ನಡೆದದ್ದಕ್ಕೆ ನಮ್ಮ ಕಾನೂನು ತಲುಪುವುದಿಲ್ಲ ಎಂಬ ಬೇರೆ ಕಾರಣ ಕೊಟ್ಟು ಬಾಗಿಲು ಹಾಕಿತು. 2018ರಲ್ಲಿ ಇನ್ನೊಂದು ಕೇಸಿನಲ್ಲಿ, ಆ ಕಾನೂನಿನಡಿ ವಿದೇಶಿ ಕಂಪನಿಗಳ ಮೇಲೆ ಕೇಸೇ ಹಾಕುವಂತಿಲ್ಲ ಎಂದಿತು. ಯುದ್ಧಾಪರಾಧ ವಿಚಾರಿಸುವ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವಾದರೂ? ಅದರ 1998ರ ರೋಮ್ ಕಾನೂನು ಬರೆಯುವಾಗ ಕಂಪನಿಗಳನ್ನೂ ಸೇರಿಸೋಣ ಎಂದು ಫ್ರಾನ್ಸ್ ಹೇಳಿತ್ತು. ಒಪ್ಪಿಗೆಯಾಗಲಿಲ್ಲ. ಅಲ್ಲಿ ಕಟಕಟೆ ಇರುವುದು ರಕ್ತಮಾಂಸದ ಮನುಷ್ಯರಿಗೆ ಮಾತ್ರ.

ವಿಶ್ವಸಂಸ್ಥೆ ಸುಮ್ಮನಿತ್ತು ಎಂದಲ್ಲ. ಬಹುರಾಷ್ಟ್ರೀಯ ಕಂಪನಿಗಳಿಗೆ ನೀತಿ ಸಂಹಿತೆ ಬರೆಯಲು ಎಪ್ಪತ್ತರ ದಶಕದಲ್ಲೇ ಕೂತಿತು, 1992ರಲ್ಲಿ ಕೈಬಿಟ್ಟಿತು. 2011ರಲ್ಲಿ ಮಾರ್ಗದರ್ಶಿ ತತ್ವಗಳು ಬಂದವು, ಪಾಲಿಸದಿದ್ದರೆ ಶಿಕ್ಷೆ ಇಲ್ಲ. 2014ರ ಜೂನ್‌ನಲ್ಲಿ ಈಕ್ವೆಡಾರ್ ಮತ್ತು ದಕ್ಷಿಣ ಆಫ್ರಿಕಾ, ಕಟ್ಟುನಿಟ್ಟಿನ ಒಪ್ಪಂದವೇ ಬೇಕು ಎಂದು ಗೊತ್ತುವಳಿ ತಂದವು. ಪರ 20, ವಿರೋಧ 14, ತಟಸ್ಥ 13. ಭಾರತ ಪರವಾಗಿ ಮತ ಹಾಕಿತು, ಶಹಬ್ಬಾಸ್. ಅಮೆರಿಕ ಮತ್ತು ಯುರೋಪಿನ ದೊಡ್ಡ ದೇಶಗಳು ವಿರೋಧಿಸಿದವು. ಹತ್ತು ವರ್ಷ ದಾಟಿತು, ಜಿನೀವಾದಲ್ಲಿ ಕರಡು ತಿದ್ದುವುದು ಮುಗಿದಿಲ್ಲ. ಕಂಪನಿಗಳಿಗೆ ಹಕ್ಕು ಕೊಡುವ ಒಪ್ಪಂದಗಳು ಪ್ರಪಂಚದಲ್ಲಿ ಸಾವಿರ ಸಾವಿರ ಅಚ್ಚಾದವು. ಹೊಣೆ ಹೊರಿಸುವ ಒಂದೇ ಒಂದು ಒಪ್ಪಂದ ಪ್ರೂಫಿನಲ್ಲೇ ಕೊಳೆಯುತ್ತಿದೆ.

ಪ್ರೂಫಿನ ಮಾತು ಬಂತು. ವೈಟ್ ಕೇಸಿನ ಪೆಟ್ಟಿನ ನಂತರ ಭಾರತ ಎಚ್ಚೆತ್ತು ಹಳೆಯ ಒಪ್ಪಂದಗಳನ್ನು 2016ರಿಂದ ಒಂದೊಂದಾಗಿ ಮುರಿಯತೊಡಗಿತು. ಮುರಿದರೂ ಅವುಗಳ ಬಾಲ ಉದ್ದ. ಮೊದಲೇ ಬಂದ ಹೂಡಿಕೆಗೆ ಬಹುತೇಕ ಹತ್ತು ಹದಿನೈದು ವರ್ಷ ರಕ್ಷಣೆ ಮುಂದುವರಿಯುತ್ತದೆ. ಹೊಸದಾಗಿ ಒಂದು ಮಾದರಿ ಒಪ್ಪಂದ ಬರೆಯಿತು. 2015ರ ಮಾರ್ಚಿನ ಕರಡಿನಲ್ಲಿ, ಕೇಸು ಹಾಕಿದ ಕಂಪನಿಯ ಮೇಲೆ ಸರ್ಕಾರವೂ ಪ್ರತಿದಾವೆ ಹೂಡಬಹುದು ಎಂಬ ಕಲಮಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಒಪ್ಪಿದ ಅಂತಿಮ ಪ್ರತಿಯಲ್ಲಿ ಆ ಕಲಮು ಇಲ್ಲ. ಪ್ರೂಫಿನಲ್ಲಿ ಒಂದು ಸಾಲು ಹೊಡೆದು ಹಾಕಿದರೆ ಓದುಗರಿಗೆ ಗೊತ್ತಾಗುವುದಿಲ್ಲ, ಅಚ್ಚಿನವನಿಗೆ ಗೊತ್ತಿರುತ್ತದೆ. ಉಳಿದದ್ದು, ಮೊದಲು ಐದು ವರ್ಷ ನಮ್ಮ ಕೋರ್ಟುಗಳಲ್ಲೇ ನ್ಯಾಯ ಕೇಳಬೇಕು ಎಂಬ ಷರತ್ತು. 2024ರಲ್ಲಿ ಜಾರಿಗೆ ಬಂದ ಅರಬ್ ಸಂಯುಕ್ತ ಸಂಸ್ಥಾನದ ಜೊತೆಗಿನ ಒಪ್ಪಂದದಲ್ಲಿ ಅದು ಮೂರು ವರ್ಷಕ್ಕೆ ಇಳಿಯಿತು.

ಈ ಒಪ್ಪಂದಗಳ ಕೊನೆಯ ಪುಟ ನೋಡಿದ್ದೀರಾ? ಬಹುತೇಕ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಎದುರಿನ ದೇಶದ ಭಾಷೆಯಲ್ಲಿ ಸಮಾನ ಪ್ರತಿಗಳಿವೆ, ವ್ಯತ್ಯಾಸ ಬಂದರೆ ಇಂಗ್ಲಿಷೇ ಅಂತಿಮ ಎಂದಿರುತ್ತದೆ. ಕುವೈತಿನ ಪ್ರಜೆ ತನ್ನ ಸರ್ಕಾರ ಏನಕ್ಕೆ ಸಹಿ ಹಾಕಿತೆಂದು ಅರಬ್ಬಿಯಲ್ಲಿ ಓದಬಹುದು. ದಂಡದಲ್ಲಿ ಪಾಲು ಕಟ್ಟುವ ಕನ್ನಡಿಗ ಕನ್ನಡದಲ್ಲಿ ಓದುವಂತಿಲ್ಲ. ನಾನು ಪಿಯುಸಿ ಓದಿದವನು. ಇದನ್ನೆಲ್ಲ ನಿಘಂಟು ಪಕ್ಕದಲ್ಲಿಟ್ಟುಕೊಂಡು, ವಕೀಲ ಗೆಳೆಯರನ್ನು ಕಾಡಿ ಕಾಡಿ ತಿಳಿದುಕೊಂಡೆ. ನಿಮ್ಮಲ್ಲಿ ಕಾನೂನು ಓದುತ್ತಿರುವ ಹುಡುಗ ಹುಡುಗಿಯರಿದ್ದೀರಿ. ಭಾರತದ ಆ ಮಾದರಿ ಒಪ್ಪಂದವನ್ನು ಯಾರಾದರೂ ನಾಲ್ಕು ಜನ ಹಂಚಿಕೊಂಡು ಕನ್ನಡಕ್ಕೆ ತಂದು ಕೊಡಿ. ಬಿಟ್ಟುಹೋದ ಆ ಮಾರ್ಚಿನ ಕಲಮನ್ನೂ ಪಕ್ಕದಲ್ಲೇ ಹಾಕೋಣ. ನಮ್ಮ ಶಾಸಕರಿಗೆ, ಸಂಸದರಿಗೆ ಒಂದೊಂದು ಪ್ರತಿ ಕಳಿಸೋಣ. ಕಾಗದ, ಶಾಯಿ, ಬೈಂಡಿಂಗ್ ಕೂಲಿ ನನ್ನದು. ಸಂಜೆ ಆರರ ಮೇಲೆ ಪ್ರೆಸ್ಸಿನಲ್ಲೇ ಇರುತ್ತೇನೆ.